ಗುಂಡಿ ಕೆಳಗೆ ತೋಡಿದರೆ ದಂಡೆ ಮೇಲೆ ಏಕೆ ಕುಸಿಯುತ್ತದೆ?

ಪ್ರಶ್ನೆ: ಸಿರುಗುಪ್ಪ ತಾಲ್ಲೂಕಿನಲ್ಲಿ ಹಗರಿ ಹೊಳೆಯ ದಂಡೆಗೆ ನಮ್ಮ ನಾಲ್ಕು ಎಕರೆ ಹೊಲ ಇದೆ. ಉಸುಕು ತೆಗೆಯುವ ಜಾಗ ನಮ್ಮಿಂದ ಒಂದೂವರೆ ಕಿಲೋಮೀಟರ್ ಕೆಳಗಿದೆ. ನಮ್ಮ ಹೊಲದ ಎದುರಿಗೆ ಯಾರೂ ಒಂದು ಬುಟ್ಟಿ ಉಸುಕನ್ನೂ ಎತ್ತಿಲ್ಲ. ಆದರೂ ಹೋದ ಮಳೆಗಾಲ ಮುಗಿಯುವಷ್ಟರಲ್ಲಿ ದಂಡೆ ಎರಡು ಮಾರು ಒಳಗೆ ಬಿದ್ದಿದೆ. ದಂಡೆಯ ಬಾವಿ ಶಿವರಾತ್ರಿಗೇ ತಳ ಕಾಣುತ್ತಿದೆ. ಗುತ್ತಿಗೆಯವರನ್ನು ಕೇಳಿದರೆ, ‘ನೀರು ಕೆಳಗೆ ಹರಿಯುತ್ತೋ ಮೇಲಕ್ಕೆ ಹರಿಯುತ್ತೋ? ನಮ್ಮ ಗುಂಡಿಗೂ ನಿಮ್ಮ ದಂಡೆಗೂ ಏನು ಸಂಬಂಧ? ಒಂದು ನೆರೆ ಬಂದರೆ ಗುಂಡಿ ತಾನೇ ತುಂಬುತ್ತದೆ’ ಎನ್ನುತ್ತಾರೆ. ಅವರ ಮಾತು ಸರಿಯೇ? ನಮ್ಮ ಕೈಲಿ ಏನು ಮಾಡಲು ಸಾಧ್ಯ?

ಉತ್ತರ: ಸಂಬಂಧ ಖಂಡಿತ ಇದೆ. ನೀರು ಕೆಳಗೆ ಹರಿಯುವುದು ನಿಜ. ಆದರೆ ಗುಂಡಿ ಮೇಲಕ್ಕೆ ನಡೆಯುತ್ತದೆ. ನಿಮ್ಮ ದಂಡೆಗೆ ಬಂದು ಮುಟ್ಟಿರುವುದು ಆ ನಡಿಗೆಯೇ ಆಗಿರುವ ಸಾಧ್ಯತೆ ಹೆಚ್ಚು.

ಹೊಳೆಯ ತಳ ಪ್ರತಿ ಕಿಲೋಮೀಟರಿಗೆ 1 ಮೀಟರ್ ಇಳಿಜಾರಾಗಿದೆ ಎಂದುಕೊಳ್ಳಿ. ಕಣ್ಣಿಗೆ ಅದು ಮಟ್ಟಸವಾಗಿಯೇ ಕಾಣುತ್ತದೆ. ಅಲ್ಲಿ ಹಿಟಾಚಿ ಇಳಿಸಿ 3 ಮೀಟರ್ ಆಳದ ಗುಂಡಿ ತೆಗೆದರೆ, ಗುಂಡಿಯ ಮೇಲ್ಬದಿಯ ಅಂಚಿನಲ್ಲಿ ತಳವು ಹತ್ತು ಮೀಟರ್ ದೂರದೊಳಗೆ 3 ಮೀಟರ್ ಬೀಳುತ್ತದೆ. ಅಂದರೆ ಆ ಅಂಚಿನ ಇಳಿಜಾರು ಹೊಳೆಯ ಸಹಜ ಇಳಿಜಾರಿನ 300 ಪಟ್ಟು. ಅಷ್ಟು ಕಡಿದಾದ ಕಡೆ ಮೊಣಕಾಲುದ್ದದ ನೀರಿಗೂ ಉಸುಕನ್ನು ಎಳೆದೊಯ್ಯುವ ಬಲ ಬರುತ್ತದೆ. ಅಂಚು ಕರಗಿ ಗುಂಡಿಯೊಳಗೆ ಬೀಳುತ್ತದೆ, ಹಿಂದೆ ಹೊಸ ಅಂಚು ಹುಟ್ಟುತ್ತದೆ, ಅದೂ ಕರಗುತ್ತದೆ. ಹೀಗೆ ಹಿಂದೆ ಹಿಂದೆ ಸರಿಯುವ ಈ ಮೆಟ್ಟಿಲನ್ನು ಕೊರಕಲಿನ ತಲೆ ಎನ್ನೋಣ.

ಮಳೆಗಾಲ ಮುಗಿದು ಹೊಳೆ ಸಣ್ಣಗೆ ಹರಿಯುವಾಗ ಹೋಗಿ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಉಸುಕಿನ ನಡುವೆ ಗೇಣುದ್ದದ್ದೋ ಮೊಳದುದ್ದದ್ದೋ ಒಂದು ಮೆಟ್ಟಿಲು. ಮೇಲೆ ನೀರು ತೆಳ್ಳಗೆ ಹಾಳೆಯಂತೆ ಬಂದು ಸಣ್ಣ ಸದ್ದು ಮಾಡುತ್ತಾ ಕೆಳಗೆ ಬೀಳುತ್ತಿರುತ್ತದೆ. ಬಿದ್ದ ನೀರು ಮೆಟ್ಟಿಲಿನ ಬುಡವನ್ನು ತೊಳೆಯುತ್ತದೆ, ಕಾಳುಗಳು ಒಂದೊಂದಾಗಿ ಜಾರುತ್ತವೆ, ಆಮೇಲೆ ಅಂಗೈ ಅಗಲದ ಹೆಂಟೆ ಮೇಲಿನಿಂದ ಪಟ್ಟನೆ ಕಳಚುತ್ತದೆ. ಮೆಟ್ಟಿಲಿಗಿಂತ ಎರಡು ಹೆಜ್ಜೆ ಮೇಲೆ ಒಂದು ಕಡ್ಡಿ ನೆಡಿ. ಹರಿವು ಚೆನ್ನಾಗಿದ್ದರೆ ಸಂಜೆಯೊಳಗೆ ಅದು ಬಿದ್ದಿರುತ್ತದೆ. ಗುತ್ತಿಗೆಯವರ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ. ಅವರನ್ನೇ ಕರೆದುಕೊಂಡು ಹೋಗಿ ತೋರಿಸಿ.

ಇದು ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಒರಟು ಲೆಕ್ಕವೊಂದಿದೆ. ಕೊರಕಲು ದಾಟಿದ ಮೇಲೆ ತಳವು ಕಿಲೋಮೀಟರಿಗೆ ಅರ್ಧ ಮೀಟರ್ ಇಳಿಜಾರಿಗೆ ಬಂದು ನಿಲ್ಲುತ್ತದೆ ಎಂದುಕೊಂಡರೆ, ಮೊದಲಿನ ಇಳಿಜಾರಿಗೂ ಇದಕ್ಕೂ ವ್ಯತ್ಯಾಸ ಕಿಲೋಮೀಟರಿಗೆ ಅರ್ಧ ಮೀಟರ್. 3 ಮೀಟರ್ ತಗ್ಗು ಪೂರ್ತಿ ಕರಗಲು 6 ಕಿಲೋಮೀಟರ್ ಬೇಕು. ನಿಮ್ಮ ಹೊಲ ಒಂದೂವರೆ ಕಿಲೋಮೀಟರಿನಲ್ಲಿದೆ. ನಡುವೆ ಬಂಡೆ ಅಡ್ಡ ಬಂದರೆ ಮಾತ್ರ ಕೊರಕಲು ಅಲ್ಲೇ ನಿಲ್ಲುತ್ತದೆ. ಆನೆಗೊಂದಿ, ಹಂಪಿಯ ಆಸುಪಾಸು ತುಂಗಭದ್ರೆ ಕಲ್ಲಿನ ಮೇಲೇ ಹರಿಯುವುದರಿಂದ ಅಲ್ಲಿ ಕೊರಕಲು ದೂರ ಹೋಗದು. ಸಿರುಗುಪ್ಪ, ದೇಶನೂರಿನಲ್ಲಿ ತುಂಗಭದ್ರೆಗೆ ವಿಜಯನಗರದ ಕಾಲದವರು ಕಟ್ಟಿದ ಅಣೆಗಳೂ ಇಂಥ ತಡೆಗಳೇ. ನೀರು ತಿರುಗಿಸುವುದರ ಜೊತೆಗೆ, ಅಣೆಯ ಮೇಲ್ಗಡೆಯ ಹೊಳೆತಳವನ್ನೂ ಅವು ಶತಮಾನಗಳಿಂದ ಹಿಡಿದು ನಿಲ್ಲಿಸಿವೆ. ಅಣೆಯ ಕೆಳಗೆ ಉಸುಕು ತೆಗೆದರೆ ಕೊರಕಲು ಬಂದು ಅಣೆಯ ಬುಡಕ್ಕೇ ಬಡಿಯುತ್ತದೆ. ಆ ಜಾಗಗಳಲ್ಲಿ ಒಂದು ಟ್ರಾಕ್ಟರನ್ನೂ ಇಳಿಸಬಾರದು ಎಂದೇ ನನ್ನ ಮತ.

ಇನ್ನು ‘ನೆರೆ ಬಂದರೆ ಗುಂಡಿ ತುಂಬುತ್ತದೆ’ ಎನ್ನುವ ಮಾತು. ತುಂಬುತ್ತದೆ. ಯಾರ ಉಸುಕಿನಿಂದ ತುಂಬುತ್ತದೆ ಎಂದು ಕೇಳಬೇಕು. 100 ಮೀಟರ್ ಉದ್ದ, 50 ಮೀಟರ್ ಅಗಲ, 3 ಮೀಟರ್ ಆಳದ ಗುಂಡಿ ಎಂದರೆ 15,000 ಘನ ಮೀಟರ್, ನಮ್ಮ ಕಡೆಯ ಲೆಕ್ಕದಲ್ಲಿ ಸುಮಾರು 5,300 ಬ್ರಾಸ್ (ಒಂದು ಬ್ರಾಸ್ ಎಂದರೆ 100 ಘನ ಅಡಿ). ಅಷ್ಟು ಉಸುಕು ಮೇಲಿನ ಪಾತ್ರದಿಂದ, ಅಂದರೆ ನಿಮ್ಮ ಹೊಲದ ಎದುರಿನಿಂದ ಬರಬೇಕು. ಗುಂಡಿ ತುಂಬಿದ್ದನ್ನು ತೋರಿಸಿ ‘ನೋಡಿ, ಹೊಳೆ ಸರಿಹೋಯಿತು’ ಎನ್ನುವುದು, ಒಂದು ಕಣಜದ ಜೋಳವನ್ನು ಇನ್ನೊಂದಕ್ಕೆ ಸುರಿದು ಸುಗ್ಗಿ ಆಯಿತು ಎಂದಂತೆ.

ಗುಂಡಿಯ ಕೆಳಗಿನವರಿಗೂ ಪೆಟ್ಟು ತಪ್ಪಿದ್ದಲ್ಲ. ತಳದಲ್ಲಿ ಉರುಳಿ ಬರುವ ಉಸುಕೆಲ್ಲ ಗುಂಡಿಗೆ ಬಿದ್ದು, ನೀರು ಬರಿಗೈಯಲ್ಲಿ ಮುಂದೆ ಹೋಗುತ್ತದೆ. ನದಿವಿಜ್ಞಾನದಲ್ಲಿ ಇದಕ್ಕೆ ಹಸಿದ ನೀರು ಎಂದೇ ಹೆಸರು. ಉಸುಕು ಹೊತ್ತು ಸಾಗಲು ಖರ್ಚಾಗಬೇಕಿದ್ದ ಬಲವೆಲ್ಲ ಉಳಿದು, ಅದು ತಳವನ್ನೂ ದಂಡೆಯನ್ನೂ ಕಡಿದು ಹೊಟ್ಟೆ ತುಂಬಿಸಿಕೊಳ್ಳುತ್ತದೆ. ಗುಂಡಿ ಒಂದು, ಹಾನಿ ಎರಡು ದಿಕ್ಕಿಗೆ.

ಮೇಲಿನಿಂದ ಹೊಸ ಉಸುಕು ಬರುತ್ತಿದ್ದರೆ ಹೊಳೆ ನಿಧಾನವಾಗಿಯಾದರೂ ಚೇತರಿಸಿಕೊಳ್ಳುತ್ತಿತ್ತು. ನಮ್ಮ ಭಾಗದ ಕಷ್ಟ ಇರುವುದೇ ಇಲ್ಲಿ. ಹಗರಿ, ಅಂದರೆ ವೇದಾವತಿ, ಬಾಬಾಬುಡನ್‌ಗಿರಿಯಲ್ಲಿ ಹುಟ್ಟುವ ಹೊಳೆ. ಆ ಬೆಟ್ಟಗಳ ಕಲ್ಲುಮಣ್ಣು ಬಳ್ಳಾರಿಗೆ ಬರುವ ದಾರಿಯನ್ನು 1907ರಲ್ಲಿ ಮಾರಿಕಣಿವೆಯಲ್ಲಿ ಮುಗಿದ ವಾಣಿವಿಲಾಸ ಸಾಗರ ಮುಚ್ಚಿತು. ಅದರ ಕೆಳಗೆ ಆಂಧ್ರದ ಭೈರವಾನಿತಿಪ್ಪ ಜಲಾಶಯ ಇನ್ನೊಂದು ಬಾಗಿಲು ಹಾಕಿತು. 1933ರ ನಂತರ ವಾಣಿವಿಲಾಸ ಸಾಗರ ಮೊದಲ ಸಲ ಕೋಡಿ ಹರಿದದ್ದು 2022ರಲ್ಲಿ. ಕೋಡಿ ಹರಿದರೂ ಬರುವುದು ನೀರು ಮತ್ತು ತೇಲುಮಣ್ಣು. ದಪ್ಪ ಉಸುಕು ಜಲಾಶಯದ ಬಾಲದಲ್ಲೇ ಕೂರುತ್ತದೆ. ತುಂಗಭದ್ರೆಯ ಕಥೆಯೂ ಇದೇ. 1953ರಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ 105.788 ಟಿಎಂಸಿಗೆ ಇಳಿದಿದೆ. ಹೋದ 27 ಟಿಎಂಸಿ ಜಾಗದಲ್ಲಿ ಇರುವುದು, ಕೊಪ್ಪಳ, ಬಳ್ಳಾರಿ, ರಾಯಚೂರಿನ ಪಾತ್ರಕ್ಕೆ ಬರಬೇಕಿದ್ದ ಹೂಳು ಮತ್ತು ಉಸುಕು. ಅಣೆಕಟ್ಟಿನ ಕೆಳಗೆ ಹೊಸದಾಗಿ ಸೇರುವುದೆಂದರೆ ಪಕ್ಕದ ಹಳ್ಳಗಳು ಮತ್ತು ಉಪನದಿಗಳು ತರುವಷ್ಟೇ. ಹೀಗಾಗಿ ಈಗ ಟಿಪ್ಪರಿಗೆ ತುಂಬುತ್ತಿರುವುದು ಬಹುಪಾಲು ಹಳೆಯ ದಾಸ್ತಾನು.

ನಗರದ ಹತ್ತಿರದ ಹೊಳೆಗೇ ಈ ಪಾಡು ಏಕೆ ಎಂದು ಹಲವರು ಕೇಳುತ್ತಾರೆ. ಉಸುಕು ಭಾರದ ಸಾಮಾನು, ಒಂದು ಬ್ರಾಸ್ ಎಂದರೆ ಹತ್ತಿರ ಹತ್ತಿರ ನಾಲ್ಕೂವರೆ ಟನ್. ತೆಗೆಯುವುದಕ್ಕಿಂತ ಸಾಗಿಸುವುದೇ ದುಬಾರಿ. ಕಟ್ಟಡ ಏಳುವ ಊರಿಗೆ ಯಾವ ದಂಡೆ ಹತ್ತಿರವೋ ಅಲ್ಲೇ ಅಗೆತ.

ಬೆಟ್ಟದ ಬುಡದ ಜಲ್ಲಿಕಲ್ಲಿನ ನದಿಗಳಲ್ಲಿ ಇದೇ ಪೆಟ್ಟು ಬೇರೆ ರೂಪದಲ್ಲಿ ಬರುತ್ತದೆ. ಅಂಥ ನದಿಯ ತಳದ ಮೇಲ್ಪದರದಲ್ಲಿ ದಪ್ಪ ಕಲ್ಲುಗಳು ಒತ್ತೊತ್ತಾಗಿ ಕೂತು ಕವಚದಂತೆ ಕೆಲಸ ಮಾಡುತ್ತವೆ. ಅದರ ಕೆಳಗಿನ ಸಣ್ಣ ಜಲ್ಲಿ, ಉಸುಕು ದೊಡ್ಡ ನೆರೆಗೆ ಮಾತ್ರ ಕದಲುತ್ತದೆ. ಯಂತ್ರ ಆ ಕವಚವನ್ನು ಒಡೆದರೆ ಸಾಧಾರಣ ನೀರಿಗೂ ತಳ ಜಾರಲು ಶುರು. ಐದಾರು ಸೀಳಾಗಿ, ನಡುವೆ ದಿಬ್ಬಗಳನ್ನು ಬಿಟ್ಟು ಅಗಲವಾಗಿ ಹರಿಯುತ್ತಿದ್ದ ನದಿ ಒಂದೇ ಆಳದ ಕಾಲುವೆಯಾಗುತ್ತದೆ. ಧೌಲಾಧಾರ್ ಬೆಟ್ಟಗಳಿಂದ ಇಳಿದು ಪಠಾಣ್‌ಕೋಟ್ ನಗರದ ಪಕ್ಕ ಹರಿಯುವ ಚಕ್ಕಿ ನದಿಯಲ್ಲಿ ವರ್ಷಗಟ್ಟಲೆ ಕಲ್ಲು, ಜಲ್ಲಿ ತೆಗೆದರು. 2022ರ ಆಗಸ್ಟ್ 20ರಂದು ಅಲ್ಲಿನ ಕಾಂಗ್ರಾ ಕಣಿವೆ ರೈಲುಮಾರ್ಗದ ಸೇತುವೆ ನೆರೆಗೆ ಕುಸಿಯಿತು. ನಮ್ಮ ಹಗರಿಯಲ್ಲಿ ಕಲ್ಲಿನ ಕವಚ ಇಲ್ಲ, ಬರೀ ಉಸುಕು. ಉಸುಕು ಸಣ್ಣ ಹರಿವಿಗೂ ಓಡುವುದರಿಂದ ಗುಂಡಿ ಬೇಗ ತುಂಬಿದಂತೆ ಕಾಣುತ್ತದೆ, ಕೊರಕಲೂ ಅಷ್ಟೇ ಬೇಗ ಮೇಲೇರುತ್ತದೆ. ಜಲ್ಲಿ ನದಿಯ ಗಾಯ ವರ್ಷಗಟ್ಟಲೆ ಎದುರಿಗೇ ಇರುತ್ತದೆ, ಉಸುಕಿನ ಹೊಳೆಯ ಗಾಯ ಮುಚ್ಚಿಕೊಂಡು ಬೇರೆಡೆ ಏಳುತ್ತದೆ. ಅದಕ್ಕೇ ನಮ್ಮಲ್ಲಿ ತಪ್ಪು ಯಾರದೆಂದು ತೋರಿಸುವುದು ಕಷ್ಟ.

ಹಗರಿಯ ಆಕಾರವೂ ಬದಲಾಗುತ್ತದೆ. ಆಳವಾದ ಒಂದು ಸೀಳಿಗೆ ನೀರೆಲ್ಲ ಇಳಿದ ಮೇಲೆ ಉಳಿದ ಉಸುಕಿನ ಹಾಸು ಎತ್ತರದಲ್ಲಿ ಒಣಗಿ ನಿಲ್ಲುತ್ತದೆ. ಸಣ್ಣ ನೆರೆ ಅದನ್ನು ಮುಟ್ಟುವುದಿಲ್ಲ. ಎರಡು ಮೂರು ವರ್ಷದಲ್ಲಿ ಬಳ್ಳಾರಿ ಜಾಲಿ ಹತ್ತಿಕೊಳ್ಳುತ್ತದೆ. ಜಾಲಿಯ ಬೇರು ಆ ದಿಬ್ಬವನ್ನು ಬಿಗಿ ಹಿಡಿದ ಮೇಲೆ ದೊಡ್ಡ ನೆರೆಯ ನೀರಿಗೂ ಅಲ್ಲಿ ಜಾಗ ಇಲ್ಲ, ಅದು ಎದುರು ದಂಡೆಯನ್ನು ಕೊರೆಯುತ್ತದೆ. ನಿಮ್ಮ ದಂಡೆಯ ಎದುರಿಗೆ ಹೊಸದಾಗಿ ಜಾಲಿ ಪೊದೆ ಎದ್ದಿದೆಯೇ ನೋಡಿ. ಎದ್ದಿದ್ದರೆ ನಿಮ್ಮ ದಂಡೆಗೆ ಇನ್ನೂ ಪೆಟ್ಟು ಬಾಕಿ ಇದೆ.

ದಂಡೆ ಬೀಳುವ ಬಗೆ ತಿಳಿದುಕೊಂಡರೆ ಮುಂದಿನ ಕೆಲಸ ಸುಲಭ. ನೆಟ್ಟಗೆ ನಿಂತ ಮಣ್ಣಿನ ಗೋಡೆ ತನ್ನ ಅಂಟಿನ ಬಲಕ್ಕೆ ತಕ್ಕಷ್ಟು ಎತ್ತರದವರೆಗೆ ಮಾತ್ರ ನಿಲ್ಲುತ್ತದೆ. 2 ಮೀಟರ್ ದಂಡೆಯ ಮುಂದೆ ತಳ 2 ಮೀಟರ್ ಇಳಿದರೆ ನಿಮ್ಮ ದಂಡೆ 4 ಮೀಟರ್ ಆಯಿತು, ಮಣ್ಣು ಮಾತ್ರ ಅದೇ. ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುವುದು ನಿಮಗೇ ಗೊತ್ತು. ದಂಡೆಗೆ ಸಮನಾಗಿ ಓಡುವ ಬಿರುಕೊಂದಿದ್ದರೆ ಬೀಳುವ ಹೆಂಟೆಯ ಹಿಂಭಾಗ ಆಗಲೇ ಕತ್ತರಿಸಿಟ್ಟಂತೆ. ನೆರೆ ತುಂಬಿ ಹರಿಯುವಾಗ ನೀರೇ ದಂಡೆಗೆ ಒತ್ತು ಕೊಟ್ಟಿರುತ್ತದೆ. ನೀರು ಸರ್ರನೆ ಇಳಿದಾಗ ಒತ್ತು ಹೋಗುತ್ತದೆ, ಆದರೆ ಮಣ್ಣಿನೊಳಗೆ ಹೊಕ್ಕ ನೀರು ಭಾರವಾಗಿ ಒಳಗೇ ಉಳಿಯುತ್ತದೆ. ಹೆಚ್ಚಿನ ದಂಡೆಗಳು ಬೀಳುವುದು ಆಗ, ಅಂದರೆ ನೆರೆ ಇಳಿದ ಒಂದೆರಡು ದಿನಗಳಲ್ಲಿ. ಆ ದಿನಗಳಲ್ಲಿ ಅಂಚಿನಲ್ಲಿ ದನ ಕಟ್ಟಬೇಡಿ, ಪಂಪ್‌ಸೆಟ್ ಎತ್ತಲು ಹೋಗಬೇಡಿ.

ಬಾವಿಯ ವಿಷಯ. ದಪ್ಪ ಉಸುಕಿನಲ್ಲಿ ಬಸಿದು ಬಳಸಬಲ್ಲ ನೀರು ಗಾತ್ರದ ಐದನೇ ಒಂದು ಪಾಲು ಎಂದು ಹಿಡಿದರೂ, 1 ಹೆಕ್ಟೇರ್ ಪಾತ್ರದಲ್ಲಿ 1 ಮೀಟರ್ ದಪ್ಪದ ಉಸುಕು 20 ಲಕ್ಷ ಲೀಟರ್ ಹಿಡಿದಿಡುತ್ತದೆ. ಒಂದು ಬ್ರಾಸ್ ಹೋದರೆ ಸುಮಾರು 560 ಲೀಟರ್ ನೀರು ತಂಗುವ ಮನೆ ಹೋಯಿತು. ಇದಕ್ಕಿಂತ ಕೆಟ್ಟದ್ದು, ತಳ ಇಳಿದ ಮೇಲೆ ಹೊಳೆ ನಿಮ್ಮ ಬಾವಿಗೆ ನೀರು ಕೊಡುವುದು ಬಿಟ್ಟು ನಿಮ್ಮ ಹೊಲದ ಅಂತರ್ಜಲವನ್ನೇ ಬಸಿಗಾಲುವೆಯಂತೆ ಎಳೆದುಕೊಳ್ಳತೊಡಗುತ್ತದೆ. ಉಸುಕು ಪೂರ್ತಿ ಹೋಗಿ ಕೆಳಗಿನ ಜೇಡಿ, ಗರಸು ಕಾಣಿಸಿದರೆ ಮಳೆಯ ನೀರು ಇಂಗದೆ ನೆಲಗಟ್ಟಿನ ಮೇಲೆ ಓಡಿದಂತೆ ಓಡಿಹೋಗುತ್ತದೆ. ಹಿಂದೆ ಬೇಸಿಗೆಯಲ್ಲಿ ಹೊಳೆಯಲ್ಲಿ ಒರತೆ ತೋಡಿದರೆ ಎಷ್ಟು ಆಳಕ್ಕೆ ನೀರು ಸಿಗುತ್ತಿತ್ತು ಎಂದು ಊರಿನ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ಅದು ಬೆಲೆ ಬಾಳುವ ದಾಖಲೆ.

ಸೇತುವೆಯ ಕಂಬದ ಬುಡ ಎಷ್ಟು ಆಳಕ್ಕೆ ಹೋಗಬೇಕೆಂದು ಎಂಜಿನಿಯರು ಲೆಕ್ಕ ಹಾಕುವುದು ಆಗಿನ ತಳ ನೋಡಿ. ನೆರೆಯಲ್ಲಿ ಕಂಬದ ಸುತ್ತ ನೀರು ಸುಳಿದು ಹೊಂಡ ಕೊರೆಯುತ್ತದೆ, ಅದೂ ಲೆಕ್ಕದಲ್ಲಿರುತ್ತದೆ. ತಳವೇ 3 ಮೀಟರ್ ಇಳಿದರೆ ಹೊಂಡವೂ 3 ಮೀಟರ್ ಕೆಳಗಿನಿಂದ ಶುರುವಾಗುತ್ತದೆ, ಅದು ಯಾವ ಲೆಕ್ಕದಲ್ಲೂ ಇರಲಿಲ್ಲ. ಪೋರ್ಚುಗಲ್‌ನ ಡೌರೊ ನದಿಯ ಸೇತುವೆ 2001ರ ಮಾರ್ಚ್ 4ರಂದು ಬಿದ್ದು 59 ಜನ ಸತ್ತರು. ತಳದ ಉಸುಕು ತೆಗೆದದ್ದು ಅದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು. ನಮ್ಮಲ್ಲೇ 2022ರಲ್ಲಿ ಹಗರಿ ತುಂಬಿ ಹರಿದ ನಂತರ ಬಳ್ಳಾರಿ ತಾಲ್ಲೂಕಿನಲ್ಲಿ ತುಂಗಭದ್ರಾ ಜಲಾಶಯದ ಎಲ್‌ಎಲ್‌ಸಿ (ಕೆಳಮಟ್ಟದ) ಕಾಲುವೆಯನ್ನು ಹೊಳೆ ದಾಟಿಸುವ ಮೇಲ್ಗಾಲುವೆಯ ಕಂಬ ಕುಸಿದು ನೀರು ನಿಂತಿತು. ಅದನ್ನು ಉಸುಕಿನ ತಲೆಗೆ ಕಟ್ಟಲು ಈ ಮಾತು ಎತ್ತಿಲ್ಲ. ಹೊಳೆಯ ತಳದಲ್ಲಿ ನಿಂತ ಒಂದು ಕಂಬ ಅಲುಗಿದರೆ ಎಷ್ಟು ದೂರದ ಗದ್ದೆಗಳು ಕಾಯಬೇಕಾಗುತ್ತದೆ ಎಂಬುದನ್ನು ಆ ವರ್ಷ ಎಲ್ಲರೂ ಕಂಡರು.

ಈಗ ನೀವು ಮಾಡಬೇಕಾದ್ದು. ದೂರಿಗಿಂತ ಮೊದಲು ಅಳತೆ. ‘ಬಹಳ ಅಗೆದಿದ್ದಾರೆ’ ಎನ್ನುವ ಅರ್ಜಿಗೆ ‘ಪರಿಶೀಲಿಸಲಾಗಿದೆ’ ಎಂಬ ಉತ್ತರ ಸುಲಭವಾಗಿ ಬರುತ್ತದೆ. ತಾರೀಖು ಹಾಕಿದ ಅಂಕಿಗೆ ಹಾಗೆ ಉತ್ತರಿಸಲು ಆಗುವುದಿಲ್ಲ.

ಗಾರೆ ಕೆಲಸದವರ ಲೆವೆಲ್ ಪೈಪ್ (ನೀರು ತುಂಬಿ ಎರಡು ತುದಿಯ ಮಟ್ಟ ಹೋಲಿಸುವ ಪಾರದರ್ಶಕ ಕೊಳವೆ) ಸಾಕು, 25 ಮೀಟರ್ ಉದ್ದದ್ದು. ಜೊತೆಗೆ ಸೆಂಟಿಮೀಟರ್ ಗುರುತು ಹಾಕಿದ 2 ಮೀಟರ್ ಉದ್ದದ ಎರಡು ಕೋಲು, ಒಂದು ಟೇಪು, ನೋಟ್‌ಬುಕ್. ಅಲುಗದ ಒಂದು ಗುರುತಿನಿಂದ ಶುರು ಮಾಡಿ: ಗುಡಿಯ ಕಟ್ಟೆ, ಸೇತುವೆಯ ಮೂಲೆ, ಅಲ್ಲದಿದ್ದರೆ ಒಂದು ಬಂಡೆಗೆ ಬಣ್ಣದ ಗೆರೆ. ಅಲ್ಲಿಂದ ಮಟ್ಟ ಹೊರಿಸಿಕೊಂಡು ಹೊಳೆಗೆ ಇಳಿದು, ದಂಡೆಯಿಂದ ದಂಡೆಗೆ ಅಡ್ಡಲಾಗಿ ಪ್ರತಿ 5 ಮೀಟರಿಗೆ ತಳದ ಮಟ್ಟ ಬರೆಯಿರಿ. ನಿಮ್ಮ ಹೊಲದ ಎದುರು ಒಂದು, ಮೇಲೆ ಒಂದು, ಗುಂಡಿಯ ಕಡೆಗೆ ಎರಡು ಮೂರು, ಹೀಗೆ ಅಡ್ಡ ಸಾಲುಗಳು. ಆಮೇಲೆ ನೀರು ಹರಿಯುವ ಸೀಳಿನ ಉದ್ದಕ್ಕೂ ಗುಂಡಿಯವರೆಗೆ ಪ್ರತಿ 20 ಮೀಟರಿಗೆ ಒಂದು ಮಟ್ಟ. ಈ ಉದ್ದದ ಅಳತೆಯೇ ನಿಮ್ಮ ಪ್ರಕರಣದ ಜೀವ: ಕೊರಕಲಿನ ತಲೆ ಎಲ್ಲಿದೆ ಎಂದು ಅದು ನೇರವಾಗಿ ತೋರಿಸುತ್ತದೆ. ಪ್ರತಿ ಸಲ ಪೈಪ್ ಎತ್ತಿಟ್ಟಾಗ 5 ಮಿಲಿಮೀಟರ್ ಹೆಚ್ಚುಕಡಿಮೆ ಆದರೂ, ಒಂದೂವರೆ ಕಿಲೋಮೀಟರಿಗೆ ಸಾಮಾನ್ಯವಾಗಿ ನಾಲ್ಕೈದು ಸೆಂಟಿಮೀಟರ್ ಆದೀತು. ನೀವು ಹುಡುಕುತ್ತಿರುವುದು ಮೀಟರ್ ಲೆಕ್ಕದ ಇಳಿತವನ್ನು.

ತಪ್ಪುಗಳು ಆಗುವುದು ಎಲ್ಲಿ? ಪೈಪಿನಲ್ಲಿ ಗಾಳಿಗುಳ್ಳೆ ಉಳಿದರೆ ಇಡೀ ಸಾಲು ಸುಳ್ಳಾಗುತ್ತದೆ. ಸೇತುವೆ ಕಂಬದ ಬುಡದಲ್ಲೇ ಅಳೆದರೆ ಅಲ್ಲಿನ ಸುಳಿಹೊಂಡದ ಆಳ ಸಿಗುತ್ತದೆಯೇ ಹೊರತು ಹೊಳೆಯ ತಳ ಸಿಗುವುದಿಲ್ಲ, ಎರಡು ಕಂಬಗಳ ನಡುವೆ ಅಳೆಯಿರಿ. ತುಂಬಿದ ಗುಂಡಿಯನ್ನು ಕಣ್ಣಿನಿಂದ ನಂಬಬೇಡಿ, ಹಾರೆ ಚುಚ್ಚಿ. ಹಳೆಯ ಉಸುಕಾದರೆ ಕರಕರ ಎಂದು ಬೇಗ ತಡೆಯುತ್ತದೆ. ನೆರೆ ತಂದ ಹೂಳಾದರೆ ಬೆಣ್ಣೆಯಲ್ಲಿ ಇಳಿದಂತೆ ಮೊಳಗಟ್ಟಲೆ ಇಳಿಯುತ್ತದೆ. ದಂಡೆಯ ಅಂಚಿನಿಂದ 2, 5, 10 ಮೀಟರ್ ಒಳಗೆ ಕಬ್ಬಿಣದ ಸರಳು ಹೊಡೆದು, ತಿಂಗಳಿಗೊಮ್ಮೆ ಅಂಚಿಗೆ ಎಷ್ಟು ದೂರ ಉಳಿದಿದೆ ಎಂದು ಬರೆಯಿರಿ. ಬಾವಿಯ ನೀರಿನ ಮಟ್ಟ ಮೇ ಮತ್ತು ನವೆಂಬರಿನಲ್ಲಿ.

ಕಾನೂನು ನಿಮ್ಮ ಕಡೆಗಿದೆ. ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ, 5 ಹೆಕ್ಟೇರಿಗಿಂತ ಸಣ್ಣ ಗುತ್ತಿಗೆಗೂ ಪರಿಸರ ಅನುಮತಿ ಬೇಕೆಂದಿತು. ಕೇಂದ್ರ ಪರಿಸರ ಸಚಿವಾಲಯದ 2016 ಮತ್ತು 2020ರ ಮರಳು ಗಣಿಗಾರಿಕೆ ಮಾರ್ಗಸೂಚಿಗಳಲ್ಲಿ ನಿಮಗೆ ಬೇಕಾದ ಅಂಕಿಗಳಿವೆ: ಆಳ 3 ಮೀಟರ್ ಮೀರಬಾರದು, ದಂಡೆಯಿಂದ ಹೊಳೆಯ ಅಗಲದ ಕಾಲು ಭಾಗ ಬಿಡಬೇಕು, ಅದು 7.5 ಮೀಟರಿಗಿಂತ ಕಡಿಮೆ ಆಗಬಾರದು, ಮಳೆಗಾಲದಲ್ಲಿ ತೆಗೆಯುವಂತಿಲ್ಲ, ದೊಡ್ಡ ಸೇತುವೆಯ ಎರಡೂ ಬದಿ 1 ಕಿಲೋಮೀಟರ್ ಬಿಡಬೇಕು. ಇತರ ಸೇತುವೆ, ನೀರೆತ್ತುವ ಕಟ್ಟಡಗಳಿಗೆ ಮೇಲ್ಬದಿಯಲ್ಲಿ ಅದರ ಉದ್ದದ 5 ಪಟ್ಟು, ಕನಿಷ್ಠ 250 ಮೀಟರ್. ಕೆಳಬದಿಯಲ್ಲಿ 10 ಪಟ್ಟು, ಕನಿಷ್ಠ 500 ಮೀಟರ್. ಕೆಳಬದಿಗೆ ಹೆಚ್ಚು ದೂರ ಇಟ್ಟಿರುವುದನ್ನು ಗಮನಿಸಿ. ಗುಂಡಿ ಮೇಲಕ್ಕೆ ನಡೆಯುತ್ತದೆ ಎಂಬುದನ್ನು ನಿಯಮವೇ ಒಪ್ಪಿಕೊಂಡಿದೆ. ಅರ್ಜಿಯಲ್ಲಿ ಈ ಸಾಲನ್ನು ಎತ್ತಿ ಬರೆಯಿರಿ.

ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಿಲ್ಲಾ ಕಚೇರಿಗೆ ಮಾಹಿತಿ ಹಕ್ಕಿನಲ್ಲಿ ಮೂರು ಕಾಗದ ಕೇಳಿ: ಜಿಲ್ಲಾ ಸಮೀಕ್ಷಾ ವರದಿ, ಆ ಗುತ್ತಿಗೆಯ ಪರಿಸರ ಅನುಮತಿ ಪತ್ರ, ಮಳೆಗಾಲದ ಮುಂಚೆ ಮತ್ತು ನಂತರ ಉಸುಕು ಎಷ್ಟು ಮರುಭರ್ತಿ ಆಯಿತೆಂದು ಅಳೆದ ವರದಿ. ಮೂರನೆಯದರಲ್ಲಿ ಗುಂಡಿಯ ಅಳತೆ ಮಾತ್ರ ಇದ್ದು ಮೇಲ್ಗಡೆಯ ಪಾತ್ರದ ಅಳತೆ ಇಲ್ಲದಿದ್ದರೆ, ನಿಮ್ಮ ನೋಟ್‌ಬುಕ್ಕಿನ ಅಂಕಿಗಳನ್ನು ಲಗತ್ತಿಸಿ ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಮರಳು ಸಮಿತಿಗೆ ಕೊಡಿ. ಅಲ್ಲಿ ಆಗದಿದ್ದರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠ ಇದೆ.

ದಂಡೆ ಕಟ್ಟುವ ಆತುರ ಬೇಡ. ಕೆಳಗೆ ಅಗೆತ ನಡೆಯುತ್ತಿರುವಾಗ ಕಟ್ಟಿದ್ದು ನಿಲ್ಲುವುದಿಲ್ಲ. ಅಗೆತ ನಿಂತ ಮೇಲೆ, ನೆಟ್ಟಗಿನ ದಂಡೆಯನ್ನು 1 ಮೀಟರ್ ಎತ್ತರಕ್ಕೆ 2 ಮೀಟರ್ ಅಡ್ಡ ಬರುವಂತೆ ಇಳಿಜಾರು ಮಾಡಬೇಕು. 4 ಮೀಟರ್ ದಂಡೆಗೆ 8 ಮೀಟರ್ ಹೊಲ ಬಿಟ್ಟುಕೊಡಬೇಕಾಗುತ್ತದೆ. ಸಂಕಟದ ಮಾತು, ಆದರೆ ಬಿಡದಿದ್ದರೆ ಹೊಳೆಯೇ ತೆಗೆದುಕೊಳ್ಳುತ್ತದೆ. ಇಳಿಜಾರಿನ ಮೇಲೆ ಲಾವಂಚದ ಸಾಲು, ಬುಡಕ್ಕೆ ತಂತಿಬಲೆಯ ಕಲ್ಲುಪೆಟ್ಟಿಗೆ. ಎಲ್ಲರೂ ಎಡವುವುದು ಬುಡದಲ್ಲೇ: ಗೋಡೆ ಎತ್ತರಕ್ಕೆ ದುಡ್ಡು ಹಾಕಿ ಬುಡವನ್ನು ಉಸುಕಿನ ಮೇಲೆ ಕೂರಿಸುತ್ತಾರೆ, ಮೊದಲ ನೆರೆಗೆ ಬುಡ ಕೊರೆದು ಗೋಡೆ ಮುಗ್ಗರಿಸುತ್ತದೆ. ಬುಡದಿಂದ ಹೊಳೆಯ ಕಡೆಗೆ ಕಲ್ಲಿನ ಹಾಸು ಬೇಕು, ಕೊರೆಯಬಹುದಾದ ಆಳದ ಒಂದೂವರೆ ಪಟ್ಟು ಅಗಲ. 2 ಮೀಟರ್ ಕೊರೆತಕ್ಕೆ 3 ಮೀಟರ್ ಹಾಸು. ತಳ ಕೊರೆದಂತೆ ಆ ಕಲ್ಲುಗಳು ತಾವೇ ಜಾರಿ ಇಳಿಜಾರನ್ನು ಮುಚ್ಚುತ್ತವೆ. ಹೊಳೆಗೆ ಅಡ್ಡಲಾಗಿ ಮೊಂಡುಗೋಡೆ ಕಟ್ಟುವುದಾಗಲಿ, ಕಟ್ಟಡದ ಅವಶೇಷ ಸುರಿಯುವುದಾಗಲಿ ಬೇಡ. ಅದು ನೀರನ್ನು ಎದುರು ದಂಡೆಯವರ ಹೊಲಕ್ಕೆ ತಳ್ಳುತ್ತದೆ.

ಮೊದಲ ಅಳತೆಯನ್ನು ಮೇ ಕೊನೆಯೊಳಗೆ, ಹೊಳೆ ಒಣಗಿರುವಾಗಲೇ ಮುಗಿಸಿ. ಎರಡನೆಯದು ನವೆಂಬರಿನಲ್ಲಿ, ಅದೇ ಗುರುತಿನಿಂದ, ಅದೇ ಸಾಲುಗಳಲ್ಲಿ. ಅಳೆಯುವಾಗ ಎದುರು ದಂಡೆಯ ಒಬ್ಬ ರೈತರನ್ನೂ ಜೊತೆಗೆ ಕರೆದುಕೊಂಡು, ಪುಟದ ಕೆಳಗೆ ಇಬ್ಬರೂ ತಾರೀಖು ಹಾಕಿ ಸಹಿ ಮಾಡಿ.